ವಾರಿಕ್‌ನ ಡಬ್ಬಿ

ನಮ್ಮ ಮನೆಯ ಗುಜರಾತಿ ಒಡತಿ ಹಂಸಾಬೆನ್ ಅವರಿಗೆ ಜ್ಞಾನೋದಯವಾಗುವುದು ಅಡುಗೆಮನೆಯ ಕಪಾಟು ಒರೆಸುವಾಗ. ಕಳೆದ ಶನಿವಾರ ಆದ ಜ್ಞಾನೋದಯವೇನೆಂದರೆ, ಲಂಡನ್ನಿನ ಕೆಂಟನ್‌ನಲ್ಲಿರುವ ಈ ಮನೆಯ ಮೇಲಿನ ಸಣ್ಣ ಕೋಣೆಯಲ್ಲಿ ನನ್ನ ಜೊತೆ ಇನ್ನೊಬ್ಬ ಮನುಷ್ಯ ಕದ್ದು ವಾಸ ಮಾಡುತ್ತಿದ್ದಾನೆ. ಪುರಾವೆ ಅವರ ಕೈಯಲ್ಲೇ ಇತ್ತು. ಎರಡು ಲೀಟರಿನ ಹಳೆಯ ಐಸ್‌ಕ್ರೀಮ್ ಡಬ್ಬಿ. ಮುಚ್ಚಳದ ಮೇಲೆ ಕಪ್ಪು ಮಾರ್ಕರಿನಲ್ಲಿ, ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ, ‘ವಾರಿಕ್’ ಎಂಬ ಹೆಸರು.

ಈ ಮನೆಯಲ್ಲಿ ಹೆಸರು ಬರೆಯದ ವಸ್ತುವಿಗೆ ಬಾಳುವೆಯಿಲ್ಲ. ನಾವು ನಾಲ್ವರು ಬಾಡಿಗೆದಾರರು, ಫ್ರಿಜ್ ಒಂದು. ಒಬ್ಬರ ಮುಖ ಒಬ್ಬರು ನೋಡುವುದು ಕಡಿಮೆ. ಹಾಲಿನ ಬಾಟಲಿ, ಬೆಣ್ಣೆಯ ಡಬ್ಬಿಗಳ ಮೇಲಿನ ಹೆಸರುಗಳಿಂದಲೇ ಪರಿಚಯ. ಕೆಳಗಿನ ಕೋಣೆಯಾತ ಊರಿಗೆ ಹೋಗಿ ತಿಂಗಳಾದ ಮೇಲೆ, ಅವನ ಮೊಸರು ಹಸಿರಾದಾಗ, ಅವನಿಲ್ಲವೆಂದು ನಮಗೆ ತಿಳಿದದ್ದು. ಆದ್ದರಿಂದ ಹಂಸಾಬೆನ್ ಗಾಬರಿಯಾದದ್ದು ತಪ್ಪಲ್ಲ. ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ, ಈ ವಾರಿಕ್ ಯಾರು, ಕೋಣೆ ಕೊಟ್ಟಿರುವುದು ಒಬ್ಬರಿಗೆ ತಾನೇ ಎಂದು ಕೇಳಿದರು. ಅವರದೇ ದನಿಯಲ್ಲಿ ಉತ್ತರ ಹೇಳುವ ಚಪಲ ನನ್ನ ನಾಲಿಗೆಯ ತುದಿಗೆ ಬಂದಿತ್ತು, ಕಷ್ಟಪಟ್ಟು ನುಂಗಿಕೊಂಡೆ. ಹಳೆಯ ಗೆಳೆಯ, ಇಲ್ಲಿ ಇರುವುದಿಲ್ಲ ಎಂದೆ. ಅವರು ನಂಬಲಿಲ್ಲ. ಡಬ್ಬಿಯನ್ನು ನನ್ನ ಕೈಗಿತ್ತು, ಕಣ್ಣಿಟ್ಟಿರುತ್ತೇನೆ ಎಂಬಂತೆ ನೋಡಿ ಹೋದರು.

ನನ್ನ ಚಾಳಿಯೇ ಇದು, ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಎದುರಿಗೆ ಯಾರೇ ಮಾತಾಡಲಿ, ಐದು ನಿಮಿಷದೊಳಗೆ ಅವರ ದನಿ ಬಂದು ನನ್ನ ಗಂಟಲಲ್ಲಿ ಕೂತುಬಿಡುತ್ತದೆ. ಧಾರವಾಡದಲ್ಲಿ ಏಳನೆಯ ತರಗತಿಯಲ್ಲಿದ್ದಾಗ ಕಿಟಕಿಯ ಆಚೆ ನಿಂತು ಹೆಡ್‌ಮಾಸ್ತರರ ದನಿಯಲ್ಲಿ “ಇವತ್ತ ಸೂಟಿ” ಎಂದು ಕೂಗಿದ್ದೆ. ಪಕ್ಕದ ತರಗತಿ ಹೋ ಎಂದು ಮನೆಗೆ ಹೋಯಿತು. ನನ್ನ ತರಗತಿ, ನನ್ನ ಸಮೇತ, ಸಂಜೆಯವರೆಗೆ ಒಳಗೇ ಕೂತಿತ್ತು. ನನ್ನ ಜಾಣತನದ ಅಳತೆ ಯಾವಾಗಲೂ ಇಷ್ಟೇ.

ಈಗ ಪಾರ್ಕ್ ರಾಯಲ್‌ನಲ್ಲಿ ಸ್ಯಾಂಡ್‌ವಿಚ್ ತಯಾರಿಸುವ ಕಾರ್ಖಾನೆಯಲ್ಲಿದ್ದೇನೆ. ಬ್ರೆಡ್ಡುಗಳು ಸಾಲಾಗಿ ಬರುತ್ತವೆ, ನಾನು ಸೌತೆಕಾಯಿ ಇಡುತ್ತೇನೆ, ಮುಂದಿನವರು ಮುಚ್ಚುತ್ತಾರೆ. ಸೂಪರ್‌ವೈಸರ್ ಬೆನ್ನು ತಿರುಗಿಸಿದೊಡನೆ ನಾನು ಅವನಾಗುತ್ತೇನೆ, ಇಡೀ ಸಾಲು ನಗುತ್ತದೆ. ಪಾಳಿ ಮುಗಿದ ಮೇಲೆ ಎಲ್ಲರೂ ಅವರವರ ಬಸ್ಸು ಹತ್ತುತ್ತಾರೆ. ನಗಿಸುವವನನ್ನು ಜನ ಬಹಳ ಇಷ್ಟಪಡುತ್ತಾರೆ, ಮನೆಗೆ ಮಾತ್ರ ಕರೆಯುವುದಿಲ್ಲ. ಕರೆದರೆ ಮರುದಿನ ಅವರ ಹೆಂಡತಿಯ ದನಿ ಸೌತೆಕಾಯಿಗಳ ನಡುವೆ ಕೇಳಿಸೀತೆಂಬ ಭಯ.

ಹಾಗೆ ಕರೆದವರು ಒಬ್ಬರೇ, ಗುರಣ್ಣ.

ಮೂರು ವರ್ಷದ ಹಿಂದೆ ಒಂದು ಶಾಲೆಯ ಹಾಲ್‌ನಲ್ಲಿ ರಾಜ್ಯೋತ್ಸವ ನಡೆದಿತ್ತು. ನಾನು ವೇದಿಕೆ ಹತ್ತಿ ಸ್ವಾಗತ ಭಾಷಣ ಮಾಡಿದವರನ್ನು, ವಂದನಾರ್ಪಣೆ ಮಾಡಲಿದ್ದವರನ್ನು, ಬಾರದೆ ಉಳಿದ ಮುಖ್ಯ ಅತಿಥಿಯನ್ನು, ಎಲ್ಲರನ್ನೂ ಮಾಡಿ ತೋರಿಸಿದೆ. ಕೊನೆಯ ಸಾಲಿನಲ್ಲಿ ಹಸಿರು ಬಿಳಿ ಪಟ್ಟೆಯ ಉಣ್ಣೆಯ ಶಾಲು ಸುತ್ತಿಕೊಂಡ ಐವತ್ತೈದರ ಒಬ್ಬ ಮನುಷ್ಯ ಮಾತ್ರ ನಗದೆ ಕೂತಿದ್ದರು. ಆಮೇಲೆ ಪುಳಿಯೋಗರೆಯ ಸಾಲಿನಲ್ಲಿ ನನ್ನ ಹಿಂದೆ ಬಂದು ನಿಂತು, “ಎಲ್ಲಾರ್ದೂ ಮಾಡಿದಿ ತಮ್ಮಾ. ಐತವಾರ ಏನ ಮಾಡ್ತಿ?” ಎಂದು ಕೇಳಿದರು. ಏನೂ ಮಾಡುವುದಿಲ್ಲ ಎಂದೆ. “ಹಂಗಾರ ಊಟಕ್ಕ ಬಾ” ಎಂದರು.

ಗುರಣ್ಣ ವಿಜಯಪುರದವರು. ಹನ್ನೆರಡು ವರ್ಷ ಮೆಲ್ಬರ್ನ್‌ನಲ್ಲಿ ಟ್ರಾಮ್ ಓಡಿಸಿ, ನರ್ಸ್ ಆಗಿರುವ ಹೆಂಡತಿ ಶಾಂತಾ ವೈನಿಗೆ ಇಲ್ಲಿ ಕೆಲಸ ಸಿಕ್ಕಿದಾಗ ಲಂಡನ್ನಿಗೆ ಬಂದು ಬಸ್ಸು ಓಡಿಸುತ್ತಿದ್ದರು. ಮನೆ ಇಲ್ಫರ್ಡ್‌ನಲ್ಲಿ, ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳಲ್ಲಿ ಒಂದು. ಮಗಳು ಅನು ಹದಿನೈದರವಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುವಳು. ನನ್ನನ್ನು ಕಾಕಾ ಎಂದು ಕರೆಯುವಷ್ಟು ಕನ್ನಡ ಮಾತ್ರ ಬಾಯಲ್ಲಿತ್ತು. ಇಪ್ಪತ್ತಾರಕ್ಕೇ ಕಾಕಾ ಆದ ನಾನು ಕನ್ನಡಿಯ ಮುಂದೆ ನಿಂತು ಕೂದಲು ಎಣಿಸಿಕೊಂಡದ್ದುಂಟು.

ಆ ಮನೆಯ ದೇವರು ಆಸ್ಟ್ರೇಲಿಯಾದ ಫುಟ್‌ಬಾಲ್. ನೀವು ತಿಳಿದಿರುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ಕ್ರಿಕೆಟ್ಟಿನ ಬಯಲು, ಒಂದೊಂದು ಕಡೆಗೆ ಹದಿನೆಂಟು ಜನ. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ಮೊಣಕಾಲಿಟ್ಟು ಹತ್ತಿ ಚೆಂಡು ಹಿಡಿಯುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ. ಅದಕ್ಕೆ ನಿಯಮಗಳೂ ಇವೆಯೆಂದು ಗುರಣ್ಣ ಹೇಳುತ್ತಿದ್ದರು. ಅವರ ಕ್ಲಬ್ಬು, ಅಂದರೆ ಆ ಹಸಿರು ಬಿಳಿ ಶಾಲಿನದು, ವರ್ಷವಿಡೀ ಸೋಲುತ್ತಿತ್ತು. ಸೋಲುವ ಕ್ಲಬ್ಬಿನ ಭಕ್ತರಿಗೆ ಹಬ್ಬ ಒಂದೇ. ನವೆಂಬರಿನಲ್ಲಿ ಎಲ್ಲ ಕ್ಲಬ್ಬುಗಳೂ ಹದಿನೆಂಟರ ಆಸುಪಾಸಿನ ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಕಟ್ಟಕಡೆಗೆ ಬಂದ ತಂಡಕ್ಕೆ ಮೊದಲ ಸರದಿ. ನಪಾಸಾದ ಹುಡುಗನಿಗೆ ಮೊದಲ ಲಾಡು ಕೊಡುವ ಈ ಶಾಲೆ ನನಗೆ ಕೇಳಿದ ಕೂಡಲೇ ಹಿಡಿಸಿಬಿಟ್ಟಿತು.

ಸೆಪ್ಟೆಂಬರಿನಿಂದಲೇ ಐತವಾರದ ಮೇಜಿನ ಸುತ್ತ ಹುಡುಗರ ಆಯ್ಕೆ ಶುರುವಾಗುತ್ತಿತ್ತು. ಗುರಣ್ಣ, ನಾನು, ಮತ್ತೆ ಬೆಂಗಳೂರಿನ ಶ್ರೀಧರ. ಅವನೂ ಕಂಪನಿ ಕಳಿಸಿದ್ದಕ್ಕೆ ಎರಡು ವರ್ಷ ಮೆಲ್ಬರ್ನ್‌ನಲ್ಲಿದ್ದು ಈ ರೋಗ ಹತ್ತಿಸಿಕೊಂಡು ಬಂದವನು. ಪದ್ಧತಿ ಏನೆಂದರೆ, ಒಬ್ಬೊಬ್ಬರೂ ಒಬ್ಬ ಹುಡುಗನನ್ನು ‘ತರಬೇಕು’. ಅವನ ಎತ್ತರ, ಓಟ, ಊರು, ಮನೆತನ ಎಲ್ಲವನ್ನೂ ಒಪ್ಪಿಸಬೇಕು. ಉಳಿದವರು ಕುಂದು ಹುಡುಕಬೇಕು. ನಮ್ಮ ಕಡೆ ವರ ನೋಡುವುದಕ್ಕೂ ಇದಕ್ಕೂ ಒಂದೇ ವ್ಯತ್ಯಾಸ, ಇಲ್ಲಿ ಅವಲಕ್ಕಿ ಮಾಡುವವರು ನೋಡುವ ಕಡೆಯವರು. ಶ್ರೀಧರ ಲ್ಯಾಪ್‌ಟಾಪ್ ತೆರೆದು, “ಬೇಸಿಕಲಿ ಗುರು ಸರ್, ಈ ಹುಡುಗನ ಕಿಕ್ಕು ನೂರಕ್ಕೆ ಎಂಬತ್ತು ಸಲ ಗುರಿ ಮುಟ್ಟತ್ತೆ” ಎನ್ನುವನು. ಗುರಣ್ಣ ರೊಟ್ಟಿ ಮುರಿಯುತ್ತ, “ಅದಿರ್ಲಿ. ಮಳ್ಯಾಗ ಚೆಂಡ ಕೈಯಾಗ ನಿಂದರ್ತದೇನು, ಅದನ್ನ ಹೇಳು” ಎನ್ನುವರು. ತಂದೆ ಅದೇ ಕ್ಲಬ್ಬಿಗೆ ನೂರು ಪಂದ್ಯ ಆಡಿದ್ದರೆ ಮಗನ ಮೇಲೆ ಕ್ಲಬ್ಬಿಗೆ ಮೊದಲ ಹಕ್ಕು ಎಂಬ ನಿಯಮವನ್ನು ವಿವರಿಸಿದಾಗ ಶಾಂತಾ ವೈನಿ ಒಲೆಯ ಮುಂದಿನಿಂದಲೇ ತಲೆದೂಗಿ, “ಸ್ವಾದರಮಾವನ ಮಗಳಿದ್ದಂಗ” ಎಂದುಬಿಟ್ಟರು. ಆ ನಿಯಮವನ್ನು ಅಷ್ಟು ಚೊಕ್ಕವಾಗಿ ಆಸ್ಟ್ರೇಲಿಯಾದವರೂ ಹೇಳಿರಲಾರರು.

ಈ ಆರಿಸುವ ಆಟ ನನಗೆ ಹೊಸದಲ್ಲ. ಧಾರವಾಡದಲ್ಲಿ ನಮ್ಮ ಓಣಿಯ ಹಿಂದಿನ ಬಯಲಿನಲ್ಲಿ ದಿನಾ ಸಂಜೆ ನಡೆಯುತ್ತಿತ್ತು. ಇಬ್ಬರು ನಾಯಕರು ಒಂದು ಕಡೆ ನಿಲ್ಲುವರು. ಉಳಿದವರು ಜೋಡಿ ಜೋಡಿಯಾಗಿ, ಹೆಗಲ ಮೇಲೆ ಕೈಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ಹೆಸರಿಟ್ಟುಕೊಂಡು ಬರುವರು. ಹುಲಿ ಬೇಕೋ ಸಿಂಹ ಬೇಕೋ? ಸೂರ್ಯ ಬೇಕೋ ಚಂದ್ರ ಬೇಕೋ? ನಾಯಕ ಒಂದು ಹೆಸರು ಹೇಳುವನು, ಆ ಹುಡುಗ ಅವನ ಕಡೆ ಹೋಗುವನು. ಆಡುವವರ ಸಂಖ್ಯೆ ಬೆಸವಾದಾಗ ಜೋಡಿ ಸಿಗದವನೊಬ್ಬ ಉಳಿಯುತ್ತಾನಲ್ಲ, ಅವನು ಯಾರಿರಬಹುದು ಊಹಿಸಿ. ನನ್ನನ್ನು ‘ಕಾಮನ್’ ಎನ್ನುತ್ತಿದ್ದರು. ಎರಡೂ ಕಡೆ ಫೀಲ್ಡಿಂಗ್ ಮಾಡಬೇಕು. ಯಾರು ಗೆದ್ದರೂ ನಾನು ಗೆದ್ದಂತೆ ಎಂದು ಸಮಾಧಾನ ಹೇಳುತ್ತಿದ್ದರು. ಗೆದ್ದವರು ಕುಣಿಯುವಾಗ ಯಾರ ಕಡೆ ಹೋಗಿ ಕುಣಿಯಬೇಕೆಂದು ಯಾರೂ ಹೇಳಲಿಲ್ಲ. ಬಯಲಿನ ಅಂಚಿನಲ್ಲಿ ಕೂತು ಎರಡೂ ನಾಯಕರ ದನಿಯಲ್ಲಿ ಕಾಮೆಂಟರಿ ಹೇಳುವುದನ್ನು ನಾನು ಕಲಿತದ್ದು ಅಲ್ಲಿಯೇ.

ಹೋದ ವರ್ಷದ ಸೆಪ್ಟೆಂಬರಿನಲ್ಲಿ ನನ್ನ ಸರದಿ ಬಂದಾಗ ನಾನು ಹುಡುಗನನ್ನು ಹುಡುಕಿರಲಿಲ್ಲ. ವಾರವಿಡೀ ಎರಡೆರಡು ಪಾಳಿ ಮಾಡಿದ್ದೆ. ಬರಿಗೈಯಲ್ಲಿ ಹೋದರೆ ಶ್ರೀಧರ ಬಿಡುವವನಲ್ಲ. ಒಮ್ಮೆ ಅವನ ಮೀಟಿಂಗಿನ ದನಿಯನ್ನು ಮಾಡಿ ತೋರಿಸಿದ್ದಕ್ಕೆ ಮೂರು ವಾರ ನನ್ನ ಜೊತೆ ಮಾತು ಬಿಟ್ಟಿದ್ದ. ಗುರಣ್ಣನೇ ನಡುವೆ ಬಂದು, ಮತ್ತೊಮ್ಮೆ ಯಾರನ್ನಾದರೂ ಮಂಗ ಮಾಡಿದರೆ ಈ ಮೇಜಿಗೆ ಬರುವುದು ಬೇಡ ಎಂದು ನನಗೆ ಹೇಳಿದ್ದರು, ನಗುತ್ತಲೇ. ಆದರೆ ಲಂಡನ್ನಿನಲ್ಲಿ ನನಗಿದ್ದದ್ದು ಆ ಒಂದು ಮೇಜು. ನಗುತ್ತ ಹೇಳಿದ್ದೂ ಎದೆಯಲ್ಲಿ ಉಳಿದಿತ್ತು.

ಕೆಂಟನ್‌ನಿಂದ ಬೇಕರ್‌ಲೂ ರೈಲು ಹತ್ತಿ, ಪ್ಯಾಡಿಂಗ್ಟನ್‌ನಲ್ಲಿ ಎಲಿಜಬೆತ್ ಲೈನಿಗೆ ಬದಲಿಸಿ ಇಲ್ಫರ್ಡ್‌ಗೆ ಹೋಗಬೇಕು. ಆ ದಾರಿಯಲ್ಲಿ ನಾನೊಬ್ಬ ಹುಡುಗನನ್ನು ಹುಟ್ಟಿಸಿದೆ. ಕಿಟಕಿಯಾಚೆ ಕಿಲ್ಬರ್ನ್ ಪಾರ್ಕ್ ನಿಲ್ದಾಣ ಹೋಯಿತು, ವಾರಿಕ್ ಅವೆನ್ಯೂ ಬಂತು. ಹುಡುಗನ ಹೆಸರು ವಾರಿಕ್ ಕಿಲ್ಬರ್ನ್ ಎಂದಾಯಿತು.

ಮೇಜಿನ ಮುಂದೆ ಕೂತು ಅವನನ್ನು ಒಪ್ಪಿಸಿದೆ. ಪಶ್ಚಿಮ ಆಸ್ಟ್ರೇಲಿಯಾದ ಒಂದು ಗೋದಿಯ ಊರು. ಚೆಂಡು ಒದೆಯುವುದರಲ್ಲಿ ಎಡಗಾಲಿನವನು. ಆಡಲೆಂದು ದೊಡ್ಡ ಪಟ್ಟಣಕ್ಕೆ ಬಂದು ಬಾಡಿಗೆ ಕೋಣೆಯಲ್ಲಿದ್ದಾನೆ. ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಮಾತು ತಾನಾಗಿ ಮುಂದೆ ಹೋಯಿತು. ಅವನು ಬಹಳ ತಮಾಷೆಯ ಹುಡುಗನಂತೆ, ಕೋಚ್‌ನನ್ನು ಹಾಗೇ ಮಾಡಿ ತೋರಿಸುತ್ತಾನಂತೆ, ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರಂತೆ. ಆಟ ಮುಗಿದ ಮೇಲೆ ಎಲ್ಲರನ್ನೂ ಅವರವರ ಅಪ್ಪ ಅಮ್ಮ ಕಾರಿನಲ್ಲಿ ಕರೆದೊಯ್ಯುತ್ತಾರೆ, ಇವನು ರೈಲಿಗೆ ಹೋಗುತ್ತಾನಂತೆ.

ಶಾಂತಾ ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. “ಉಣ್ಣಾಕ ಏನ ಮಾಡ್ತಾನ ಆ ಹುಡುಗ?”

“ಸ್ಯಾಂಡ್‌ವಿಚ್ ತಿಂತಾನಂತ ವೈನಿ. ನಿಂತಕೊಂಡ.”

“ಯಾಕ, ಕುರ್ಚಿ ಇಲ್ಲೇನು?”

“ಒಬ್ಬನ ಕೂತ ಉಣ್ಣಾಕ ಬ್ಯಾಸರಂತ.”

ಅನು ಫೋನಿನಲ್ಲಿ ಹುಡುಕಿ, ಇಂಗ್ಲಿಷಿನಲ್ಲಿ, ಈ ಹೆಸರಿನವರು ಯಾರೂ ಇಲ್ಲವಲ್ಲ ಎಂದಳು. ಗುರಣ್ಣ ತಲೆಯೆತ್ತದೆ, “ಸಣ್ಣ ಊರಿನ ಹುಡುಗ ಪುಟ್ಟೀ. ಎಲ್ಲಾರೂ ಫೋನಿನಾಗ ಸಿಗಂಗಿಲ್ಲ” ಎಂದರು. ಶ್ರೀಧರ ತನ್ನ ಪಟ್ಟಿಯಲ್ಲಿ ವಾರಿಕ್‌ನ ಹೆಸರು ಸೇರಿಸಿ, ಎದುರಿನ ಎಲ್ಲ ಕಾಲಂಗಳಲ್ಲೂ ‘ಮಾಹಿತಿ ಇಲ್ಲ’ ಎಂದು ತುಂಬಿದ.

ಒಂದು ವಾರದ ಸುಳ್ಳೆಂದುಕೊಂಡಿದ್ದೆ. ಮುಂದಿನ ಐತವಾರ ಬಾಗಿಲು ತೆರೆದ ವೈನಿ ನನ್ನ ಜಾಕೆಟ್ಟು ಇಸಿದುಕೊಳ್ಳುವ ಮೊದಲೇ, ವಾರಿಕ್ ಹೆಂಗದಾನ ಎಂದು ಕೇಳಿದರು. ಚಳಿ ಶುರುವಾಗಿದೆ, ಕೋಣೆಯ ಹೀಟರ್ ಸರಿಯಿಲ್ಲವಂತೆ ಎಂದೆ. ಆಸ್ಟ್ರೇಲಿಯಾದಲ್ಲಿ ಅದು ಬೇಸಿಗೆ ಬರುವ ಕಾಲವೆಂದು ನೆನಪಾದದ್ದು ವಾಪಸ್ಸು ಬರುವಾಗ, ರೈಲಿನಲ್ಲಿ. ಮೆಲ್ಬರ್ನ್‌ನಲ್ಲಿ ಹನ್ನೆರಡು ವರ್ಷ ಇದ್ದ ಗುರಣ್ಣ ಮಾತ್ರ, ಹೌದೌದು, ಹೀಟರ್ ಮಾಡಿಸಿಕೊಳ್ಳಲು ಹೇಳು ಎಂದಿದ್ದರು. ನಾನೆಂಥ ದಡ್ಡ ನೋಡಿ, ಪಾರಾದೆ ಎಂದು ಖುಷಿಪಟ್ಟಿದ್ದೆ.

ವಾರ ವಾರ ವಾರಿಕ್ ಬೆಳೆದ. ಅವನಿಗೆ ನೆಗಡಿಯಾಯಿತು. ಅವನ ಹುಟ್ಟುಹಬ್ಬ ಯಾರಿಗೂ ನೆನಪಾಗಲಿಲ್ಲ. ಮನೆಗೆ ಫೋನ್ ಮಾಡಿದಾಗ ಅವ್ವನ ಹತ್ತಿರ, ಎಲ್ಲಾ ಛಲೋ ಐತಿ, ಗೆಳೆಯರ ಜೊತೆ ಹೊರಗೆ ಹೊರಟೀನಿ ಎಂದು ಹೇಳಿ, ಫೋನಿಟ್ಟು ಹಾಸಿಗೆಯ ಮೇಲೆ ಕೂತುಬಿಟ್ಟ. ಎರಡು ಸಲ ಅವನ ಕಾಲು ಮುರಿದು ಈ ಕತೆ ಮುಗಿಸಬೇಕೆಂದು ಬೇಕರ್‌ಲೂ ರೈಲಿನಲ್ಲಿ ನಿರ್ಧರಿಸಿದೆ. ಇಲ್ಫರ್ಡ್‌ಗೆ ಬರುವಷ್ಟರಲ್ಲಿ ಪಾಪ ಎನಿಸಿತು. ಇತ್ತ ವೈನಿ ನನಗೆ ಕಟ್ಟಿಕೊಡುವ ರೊಟ್ಟಿ ನಾಲ್ಕರಿಂದ ಎಂಟಾಯಿತು, ಜೊತೆಗೆ ಶೇಂಗಾ ಚಟ್ನಿ, ಐಸ್‌ಕ್ರೀಮ್ ಡಬ್ಬಿಯಲ್ಲಿ. ಖಾಲಿ ಡಬ್ಬಿ ತಿರುಗಿ ಕೊಡಬಾರದೆಂದು ನಮ್ಮವ್ವ ಕಲಿಸಿದ್ದಾಳೆ. ನಾನು ಕಾರ್ಖಾನೆಯ ಸೌತೆಕಾಯಿ ಸ್ಯಾಂಡ್‌ವಿಚ್ ತುಂಬಿ ಒಯ್ಯುತ್ತಿದ್ದೆ. ಆ ಮನೆಯಲ್ಲಿ ಅದನ್ನು ಯಾರು ತಿನ್ನುತ್ತಿದ್ದರೋ ಗೊತ್ತಿಲ್ಲ.

ಡ್ರಾಫ್ಟಿನ ದಿನ ಬಂತು. ಮೆಲ್ಬರ್ನ್‌ನ ಸಂಜೆ ನಮಗೆ ಬೆಳಗಿನ ಎಂಟು ಗಂಟೆ. ಗುರಣ್ಣ ಮಧ್ಯಾಹ್ನದ ಪಾಳಿ ಹಾಕಿಸಿಕೊಂಡಿದ್ದರು. ಶ್ರೀಧರ ಕ್ಯಾಮೆರಾ ಆರಿಸಿ ಆಫೀಸಿನ ಮೀಟಿಂಗಿನಲ್ಲಿದ್ದ, ಅಂದರೆ ನಮ್ಮ ಪಕ್ಕದಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದ. ನಮ್ಮ ಕ್ಲಬ್ಬಿಗೆ ಮೂರು ಸರದಿ. ಮೊದಲನೆಯದಕ್ಕೆ ಶ್ರೀಧರನ ಹುಡುಗ ಬಂದ. ಶ್ರೀಧರ ಎದ್ದು ಕುಣಿದು, ಮೀಟಿಂಗಿನಲ್ಲಿ ಯಾರೋ ಏನೋ ಕೇಳಿದ್ದರಿಂದ ಕೂತ. ಎರಡನೆಯದಕ್ಕೆ ಗುರಣ್ಣನ ‘ಸ್ವಾದರಮಾವನ ಮಗಳು’, ಹಳೆಯ ಆಟಗಾರನ ಮಗ. ಉಳಿದದ್ದು ಒಂದೇ. ವೈನಿ ಕೈ ಒರೆಸಿಕೊಂಡು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಮೂರನೆಯ ಹೆಸರು ಓದಿದರು. ಯಾರೋ ಗೊತ್ತಿಲ್ಲದ ಹುಡುಗ.

“ನಮ್ಮ ವಾರಿಕ್‌ನ ಯಾರೂ ತಗೋಳಿಲ್ಲೇನು?” ಎಂದರು ವೈನಿ.

ರೈಲಿನಲ್ಲಿ ಈ ತಪ್ಪೊಪ್ಪಿಗೆಯನ್ನು ಗುರಣ್ಣನ ದನಿಯಲ್ಲಿ, ಶ್ರೀಧರನ ದನಿಯಲ್ಲಿ ಅಭ್ಯಾಸ ಮಾಡಿಕೊಂಡಿದ್ದೆ. ಅವರ ದನಿಯಲ್ಲಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಈಗ ಒಂದೂ ಬಾಯಿಗೆ ಬರಲಿಲ್ಲ. ತಟ್ಟೆ ನೋಡುತ್ತ, ಅಂಥ ಹುಡುಗ ಇಲ್ಲ ವೈನಿ, ನಾನೇ ಕಟ್ಟಿದ ಸುಳ್ಳು ಎಂದು ಹೇಳಿದೆ. ಕುರ್ಚಿ ಹಿಂದೆ ಸರಿಸಿ ಏಳಲೂ ಸಿದ್ಧನಾದೆ.

ಗುರಣ್ಣ ಟಿವಿಯ ಸದ್ದು ಸಣ್ಣ ಮಾಡಿದರು. “ಲೇ ವಿನ್ಯಾ, ಲಂಡನ್ನಿನ ಬಸ್ ಡ್ರೈವರ್‌ನ ಮುಂದ ಕೂತು ಟ್ಯೂಬ್ ಸ್ಟೇಷನ್ ಹೆಸರ ಹೇಳ್ತಿಯಲ್ಲೋ. ನಾ ಮದಲನೇ ದಿನಾನ ತಿಳಕೊಂಡೇನಿ.”

“ಮತ್ತ ಯಾಕ ಸುಮ್ನಿದ್ರಿ?”

“ಆ ಹುಡುಗನ ಸುದ್ದಿ ಕೇಳಬೇಕಿತ್ತು. ನಿನ್ನ ಕೇಳಿದ್ರ ನೀ ಏನ ಹೇಳ್ತಿದ್ದಿ? ನಗಸ್ತಿದ್ದಿ.”

ನಾನು ಎದ್ದೇ ನಿಂತಿದ್ದೆ. ವೈನಿ ನನ್ನ ಅಂಗಿಯ ತುದಿ ಹಿಡಿದು ಎಳೆದು ಕೂರಿಸಿ, ಸಿಟ್ಟಿನಲ್ಲೇ ಕೇಳಿದರು: “ಅಂವ ಇಲ್ಲಂದ್ರ, ಇಷ್ಟ ದಿನ ನಾ ಕಟ್ಟಿಕೊಟ್ಟ ರೊಟ್ಟಿ ತಿಂದಂವ ಯಾರು?”

ಅವತ್ತು ಹೊರಡುವಾಗ ಡಬ್ಬಿಯ ಮುಚ್ಚಳದ ಮೇಲೆ ಅನು ಮಾರ್ಕರಿನಲ್ಲಿ ಆ ಹೆಸರು ಬರೆದಳು, ಫ್ರಿಜ್‌ನಲ್ಲಿ ಬೇರೆಯವರು ಮುಟ್ಟದಿರಲೆಂದು. ಚಳಿಗಾಲ ಕಳೆಯುವವರೆಗೆ ಡಬ್ಬಿ ಕೆಂಟನ್‌ಗೂ ಇಲ್ಫರ್ಡ್‌ಗೂ ಓಡಾಡಿತು. ವಾರಿಕ್ ಹೆಂಗದಾನ ಎಂದು ವೈನಿ ಬಾಗಿಲಲ್ಲೇ ಕೇಳುವರು, ನಾನು ಇದ್ದದ್ದು ಇದ್ದಂತೆ ಹೇಳುವೆ. ಏಪ್ರಿಲ್‌ನಲ್ಲಿ ವೈನಿಗೆ ಮತ್ತೆ ಮೆಲ್ಬರ್ನ್‌ನಲ್ಲಿ ಕೆಲಸವಾಯಿತು. ಮೂವರೂ ಹೊರಟುಹೋಗುವ ಗಡಿಬಿಡಿಯಲ್ಲಿ ಯಾರಿಗೂ ಡಬ್ಬಿಯ ನೆನಪಾಗಲಿಲ್ಲ. ನನಗೆ ನೆನಪಿತ್ತು, ತುಂಬಿ ಕೊಡಲು ಯೋಗ್ಯವಾದದ್ದು ಏನೂ ಸಿಗಲಿಲ್ಲ. ಶ್ರೀಧರ ಮನೆ ಕೊಂಡು ಊರಾಚೆ ಹೋದ. ಫೋನಿನ ನಮ್ಮ ಗುಂಪಿಗೆ ನಾನು ಏನು ಕಳಿಸಿದರೂ ಅವನದು ಒಂದು ಹೆಬ್ಬೆರಳು. ಐತವಾರಗಳು ಮತ್ತೆ ಉದ್ದವಾಗಿವೆ. ಇಲ್ಫರ್ಡ್‌ಗೆ ಹೋಗಬೇಕಾದ ಕೆಲಸವೇನೂ ನನಗಿಲ್ಲ. ಒಂದೆರಡು ಸಲ ಪ್ಯಾಡಿಂಗ್ಟನ್‌ವರೆಗೆ ಹೋಗಿ ತಿರುಗಿ ಬಂದಿದ್ದೇನೆ.

ಈ ಸಲದ ಡ್ರಾಫ್ಟ್ ಇವತ್ತೇ ಆಯಿತು. ಬೆಳಗ್ಗೆ ಎಂಟಕ್ಕೆ ಅಡುಗೆಮನೆಯ ಮೇಜಿನ ಮೇಲೆ ಡಬ್ಬಿಗೆ ಆನಿಸಿ ಫೋನಿಟ್ಟುಕೊಂಡು ನೋಡಿದೆ. ನಮ್ಮ ಕ್ಲಬ್ಬಿನ ಕೊನೆಯ ಹುಡುಗ ಯಾವುದೋ ಸಣ್ಣ ಊರಿನವನು. ಹೆಸರು ಓದಿದ ಕೂಡಲೇ ಅವನ ಮನೆಯ ಕೋಣೆ ತೋರಿಸಿದರು. ಅಪ್ಪ, ಅವ್ವ, ಅಜ್ಜಿ, ನಾಯಿ, ಎಲ್ಲರೂ ಅವನ ಮೇಲೆ ಬಿದ್ದರು. ಎಡಗಾಲಿನವನಂತೆ. ಇದನ್ನು ಯಾರಿಗಾದರೂ ಹೇಳಬೇಕೆನಿಸಿ ಸುತ್ತ ನೋಡಿದೆ. ಫ್ರಿಜ್ ಗುಂಯ್‌ಗುಡುತ್ತಿತ್ತು.

ಎಲ್ಲ ಮುಗಿದ ಮೇಲೆ ಫೋನಿಗೆ ಅನುವಿನ ಧ್ವನಿ ಸಂದೇಶ ಬಂತು. ಕನ್ನಡದಲ್ಲಿ. ನಿಧಾನವಾಗಿ, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹೊಳೆ ದಾಟುವವರಂತೆ ಪದ ಹುಡುಕಿ ಹುಡುಕಿ ಹೇಳಿದ್ದಳು: “ಕಾಕಾ, ಅಮ್ಮ ಕೇಳಾಕತ್ತಾಳ... ವಾರಿಕ್ ಉಂಡಾನೇನು ಅಂತ.”

ಅಲ್ಲಿ ಅವರ ರಾತ್ರಿಯೂಟದ ಹೊತ್ತು. ಇಲ್ಲಿ ನನ್ನದು ಚಹಾ ಕೂಡ ಆಗಿರಲಿಲ್ಲ. ಉತ್ತರ ಹೇಳಲು ಗುಂಡಿ ಒತ್ತಿ ಹಿಡಿದೆ. ಮೊದಲು ಗುರಣ್ಣನ ದಪ್ಪ ದನಿಯಲ್ಲಿ, “ಉಂಡಾನ, ಡರ್ ಅಂತ ತೇಗ್ಯಾನ” ಎಂದೆ. ಕೇಳಿ, ಅಳಿಸಿದೆ. ಆಮೇಲೆ ವೈನಿಯ ದನಿಯಲ್ಲಿ, ಒಲೆಯ ಮುಂದಿನಿಂದ ಕೂಗುವ ಹಾಗೆ, “ಕುರ್ಚಿ ಮ್ಯಾಲ ಕೂತ ಉಂಡಾನವ್ವಾ” ಎಂದೆ. ಅದನ್ನೂ ಅಳಿಸಿದೆ. ಮೂರನೆಯ ಸಲ ಡಬ್ಬಿಯ ಮೇಲಿನ ಹೆಸರನ್ನು ಒಮ್ಮೆ ಓದಿಕೊಂಡೆ. ಆಮೇಲೆ, “ಇಲ್ಲ ಅನು, ಇನ್ನೂ ಉಂಡಿಲ್ಲ. ನಿಮ್ಮ ನೆನಪ ಭಾಳ ಆಗ್ತದ” ಎಂದು ಹೇಳಿ, ಮತ್ತೆ ಕೇಳದೆ ಕಳಿಸಿಬಿಟ್ಟೆ.

ತಲೆಯೆತ್ತಿದರೆ ಬಾಗಿಲಲ್ಲಿ ಹಂಸಾಬೆನ್, ಕೈಯಲ್ಲಿ ಒರೆಸುವ ಬಟ್ಟೆ. ಹೊರಗಿನಿಂದ ಅವರು ಕೇಳಿಸಿಕೊಂಡದ್ದು ಒಬ್ಬ ಹಿರಿಯನನ್ನು, ಒಬ್ಬ ಹೆಂಗಸನ್ನು, ಇನ್ನೊಬ್ಬ ಯಾರನ್ನೋ. ಮೇಜಿನ ಮೇಲಿನ ಡಬ್ಬಿಯನ್ನು ನೋಡಿದರು, ಬಾಗಿಲ ಹಿಂದೆ ಇಣುಕಿದರು, ನನ್ನನ್ನು ನೋಡಿದರು. ಇಲ್ಲಿ ಎಷ್ಟು ಜನ ಇದ್ದೀರಿ, ನಿಜ ಹೇಳು ಎಂದರು.

“ಒಬ್ಬನೇ, ಬೆನ್” ಎಂದೆ.